ಯಾರೂ ಕೊಡದ ಅಪ್ಪಣೆ

ನಮ್ಮ ಕೆರೆಗಳ ಸೀಮೆಯಲ್ಲಿ ಹಿಂದೆ ನೀರುಗಂಟಿಯೆಂಬ ಊಳಿಗದವನೊಬ್ಬನಿರುತ್ತಿದ್ದನು. ಕೆರೆಯ ತೂಬನ್ನೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವುದು, ಸಾಕಾದೊಡನೆ ತೂಬನ್ನು ಮುಚ್ಚುವುದು, ಇದು ಅವನ ಕೆಲಸ. ಊರ ಹಿರಿಯರು ಹೇಳಿದಾಗ ತೂಬು ಏಳಬೇಕು, ಸಾಕೆಂದಾಗ ಇಳಿಯಬೇಕು. ಈ ಎರಡರಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಡಮೆ ಮುಖ್ಯವಾದುದಲ್ಲ. ಎತ್ತಿದ ತೂಬು ಎತ್ತಿದಂತೆಯೇ ಸಿಕ್ಕಿಕೊಂಡಿತೆಂದು ಭಾವಿಸೋಣ. ಪೈರಿಗೆ ಪ್ರಾಣವಾಗಿದ್ದ ನೀರೇ ಆಗ ಪೈರನ್ನು ಕೊಳೆಯಿಸುತ್ತದೆ. ನೀರಿನಲ್ಲಿಯೂ ದೋಷವಿಲ್ಲ, ಗದ್ದೆಯಲ್ಲಿಯೂ ದೋಷವಿಲ್ಲ. ಮುಚ್ಚಬೇಕಾದುದು ಮುಚ್ಚಲಿಲ್ಲ, ಅಷ್ಟೆ.

ನೆತ್ತರಿಗೆ ತಗಲುವ ಕೆಲವು ದೀರ್ಘಕಾಲಿಕ ಅರ್ಬುದರೋಗಗಳು, ಎಂದರೆ ಕ್ಯಾನ್ಸರುಗಳು, ಹೀಗೆಯೇ ಮುಚ್ಚದೆ ಉಳಿದ ಒಂದು ತೂಬಿನಿಂದ ಉಂಟಾಗುತ್ತವೆಂಬುದು ಕಳೆದ ಅರುವತ್ತು ವರ್ಷಗಳ ಸಂಶೋಧನೆಯಿಂದ ತಿಳಿದುಬಂದಿದೆ. ಈ ತಿಳಿವಳಿಕೆಯ ಫಲವಾಗಿ, ಒಂದು ಕಾಲಕ್ಕೆ ಮರಣವೇ ನಿಶ್ಚಯವೆನಿಸಿದ್ದ ಒಂದು ರೋಗವು ಇಂದು ದಿನಕ್ಕೊಮ್ಮೆ ಮಾತ್ರೆ ನುಂಗಿ ಬಾಳಬಹುದಾದ ರೋಗವಾಗಿದೆ. ಆದರೆ ಮೈಯಲ್ಲಿ ಯಾವ ಬಾಧೆಯೂ ಕಾಣದಿರುವಾಗಲೂ ಆ ಮಾತ್ರೆಯನ್ನು ಏಕೆ ತಪ್ಪಿಸಬಾರದೆಂಬುದು ರೋಗದ ಒಳಗುಟ್ಟನ್ನು ಅರಿತವರಿಗೇ ಚೆನ್ನಾಗಿ ಮನದಟ್ಟಾಗುವ ಸಂಗತಿ. ಆ ಒಳಗುಟ್ಟನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನೆತ್ತರಿನ ಆಯವ್ಯಯ

ಬೆಳೆದ ಮನುಷ್ಯನ ನೆತ್ತರಿನ ಒಂದು ಘನ ಮಿಲಿಮೀಟರಿನಲ್ಲಿ, ಎಂದರೆ ಗುಂಡುಸೂಜಿಯ ತಲೆಯಷ್ಟು ಪುಟ್ಟ ಹನಿಯಲ್ಲಿ, ಸುಮಾರು ೫೦ ಲಕ್ಷ ಕೆಂಪು ಕಣಗಳಿರುತ್ತವೆ. ಬಿಳಿಯ ಕಣಗಳು ೪ ಸಾವಿರದಿಂದ ೧೧ ಸಾವಿರದವರೆಗೆ ಇರುತ್ತವೆ. ಇವಲ್ಲದೆ ಪ್ಲೇಟ್‌ಲೆಟ್‌ಗಳೆಂಬ ಕಿರುಬಿಲ್ಲೆಗಳು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೂ ಉಂಟು. ಕೆಂಪು ಕಣಗಳು ಆಮ್ಲಜನಕವನ್ನು ಹೊತ್ತೊಯ್ಯುತ್ತವೆ; ಬಿಳಿಯವು ರೋಗಾಣುಗಳೊಡನೆ ಹೋರಾಡುತ್ತವೆ; ಕಿರುಬಿಲ್ಲೆಗಳು ಗಾಯದ ಬಾಯಿಯಲ್ಲಿ ನೆತ್ತರು ಹೆಪ್ಪುಗಟ್ಟಲು ನೆರವಾಗುತ್ತವೆ.

ಇವಾವುವೂ ಚಿರಾಯುಗಳಲ್ಲ. ಕೆಂಪು ಕಣದ ಆಯುಸ್ಸು ಸುಮಾರು ೧೨೦ ದಿನಗಳು. ಬಿಳಿಯ ಕಣಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ತೀರಿಹೋಗುತ್ತವೆ. ತೀರಿದವುಗಳ ಸ್ಥಾನವನ್ನು ತುಂಬಲು ಮೂಳೆಗಳೊಳಗಿನ ಮಜ್ಜೆಯು ಹಗಲಿರುಳೂ ದುಡಿಯುತ್ತಿರುತ್ತದೆ. ಕೆಂಪು ಕಣಗಳೊಂದನ್ನೇ ಲೆಕ್ಕ ಹಿಡಿದರೂ ಪ್ರತಿ ಸೆಕೆಂಡಿಗೆ ಸುಮಾರು ೨೦ ಲಕ್ಷ ಹೊಸ ಕಣಗಳು ಸಿದ್ಧವಾಗುತ್ತವೆ. ವಾಚಕರು ಈ ವಾಕ್ಯವನ್ನು ಓದಿ ಮುಗಿಸುವಷ್ಟರಲ್ಲಿ ಅವರ ಮಜ್ಜೆಯಿಂದ ಒಂದು ಕೋಟಿ ಕಣಗಳು ಹೊರಟಿರುತ್ತವೆ!

ಈ ಎಲ್ಲ ಬಗೆಯ ಕಣಗಳಿಗೂ ಮೂಲವಾದ ಜೀವಕೋಶಗಳು ಮಜ್ಜೆಯಲ್ಲಿ ನೆಲಸಿವೆ. ಅವನ್ನು ಮೂಲಕೋಶಗಳೆಂದು ಕರೆಯೋಣ. ಅವುಗಳ ಸಂಖ್ಯೆ ಬಹಳ ಕಡಮೆ. ಅವು ಹೆಚ್ಚು ಕಾಲ ಸುಮ್ಮನೆ ಮಲಗಿರುತ್ತವೆ. ಬೇಕಾದಾಗ ಎದ್ದು ಒಡೆದು ಎರಡಾಗುತ್ತವೆ. ಅವುಗಳ ಸಂತತಿಯೇ ಹಂತಹಂತವಾಗಿ ಹೆಚ್ಚಿ, ಬಲಿತು, ರಕ್ತಕಣಗಳಾಗುತ್ತದೆ.

ಇಷ್ಟು ದೊಡ್ಡ ಉತ್ಪಾದನೆಯಲ್ಲಿ ಆಯವೂ ವ್ಯಯವೂ ಸರಿದೂಗಬೇಕಾದರೆ, ಎಷ್ಟು ಕಣಗಳು ಬೇಕೆಂಬ ಸುದ್ದಿಯು ಮಜ್ಜೆಯನ್ನು ತಲಪುತ್ತಿರಬೇಕು. ಕೆಂಪು ಕಣಗಳ ಮಟ್ಟಿಗೆ ಈ ಸುದ್ದಿಯನ್ನು ಕಳುಹಿಸುವುದು ಮೂತ್ರಪಿಂಡ. ನೆತ್ತರಿನಲ್ಲಿ ಆಮ್ಲಜನಕವು ಕಡಮೆಯಾಯಿತೆನ್ನಿ. ಬೆಟ್ಟದ ನೆತ್ತಿಯಲ್ಲಿ ಕೆಲವು ಕಾಲ ತಂಗಿದವರಿಗೆ ಹೀಗಾಗುತ್ತದೆ. ಕೂಡಲೆ ಮೂತ್ರಪಿಂಡವು ಎರಿತ್ರೊಪಾಯಿಟಿನ್ ಎಂಬ ವಸ್ತುವನ್ನು ನೆತ್ತರಿಗೆ ಬಿಡುತ್ತದೆ. ಅದು ಮಜ್ಜೆಯನ್ನು ಮುಟ್ಟಿದಾಗ ಕೆಂಪು ಕಣಗಳ ತಯಾರಿಕೆ ಹೆಚ್ಚುತ್ತದೆ. ಕೊರತೆ ನೀಗಿದೊಡನೆ ಆ ವಸ್ತುವಿನ ಪ್ರಮಾಣವು ಇಳಿದು, ತಯಾರಿಕೆಯೂ ಹಿಂದಿನ ಮಟ್ಟಕ್ಕೆ ಬರುತ್ತದೆ. ಬಿಳಿಯ ಕಣಗಳಿಗೂ ಕಿರುಬಿಲ್ಲೆಗಳಿಗೂ ಇಂಥವೇ ಬೇರೆ ಬೇರೆ ಸುದ್ದಿವಾಹಕಗಳಿವೆ.

ಕೋಶದೊಳಗಿನ ಮುದ್ರೆ

ಸುದ್ದಿಯನ್ನು ತಂದ ವಸ್ತುವು ಕೋಶದ ಒಳಹೊಗುವುದಿಲ್ಲ. ಕೋಶದ ಹೊರಮೈಯಲ್ಲಿ ಗ್ರಾಹಕಗಳೆಂಬ ಪ್ರೋಟೀನುಗಳು ಚಾಚಿಕೊಂಡಿರುತ್ತವೆ. ಬೀಗಕ್ಕೆ ಕೀಲಿ ಹೊಂದುವಂತೆ ಸುದ್ದಿವಾಹಕವು ತನ್ನ ಗ್ರಾಹಕಕ್ಕೆ ಹೊಂದಿಕೊಳ್ಳುತ್ತದೆ. ಆಗ ಗ್ರಾಹಕದ ಒಳತುದಿಯ ಆಕಾರವು ಬದಲಾಗುತ್ತದೆ. ಅಲ್ಲಿಂದ ಮುಂದೆ ಸುದ್ದಿಯು ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ದಾಟುತ್ತ ಕೋಶದ ಕೇಂದ್ರದವರೆಗೂ ಸಾಗುತ್ತದೆ.

ದಾಟುವುದೆಂದರೆ ಹೇಗೆ? ಇಲ್ಲಿ ಕೈನೇಸ್ ಎಂಬ ಕಿಣ್ವಗಳ ಕೆಲಸ ಮುಖ್ಯವಾದುದು. ಕೋಶದಲ್ಲಿ ಶಕ್ತಿಯ ನಾಣ್ಯದಂತಿರುವ ಎ.ಟಿ.ಪಿ. ಎಂಬ ಸಂಯುಕ್ತವೊಂದುಂಟು, ಅದರಲ್ಲಿ ಮೂರು ಫಾಸ್ಫೇಟ್ ತುಣುಕುಗಳು ಸಾಲಾಗಿ ಕೂಡಿವೆ. ಕೈನೇಸು ಎ.ಟಿ.ಪಿ.ಯಿಂದ ಒಂದು ಫಾಸ್ಫೇಟನ್ನು ಕಿತ್ತು ಬೇರೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅರಸನ ಮುದ್ರೆ ಬಿದ್ದ ಓಲೆಯು ಅಪ್ಪಣೆಯಾಗುವಂತೆ, ಫಾಸ್ಫೇಟ್ ಅಂಟಿದ ಪ್ರೋಟೀನು ಕೆಲಸಕ್ಕೆ ತೊಡಗುತ್ತದೆ. ಫಾಸ್ಫಟೇಸ್ ಎಂಬ ಬೇರೆ ಕಿಣ್ವಗಳು ಈ ಮುದ್ರೆಯನ್ನು ಅಳಿಸಿಹಾಕುತ್ತವೆ. ಒತ್ತುವವರೂ ಅಳಿಸುವವರೂ ಜೊತೆಗಿರುವುದರಿಂದಲೇ ಅಪ್ಪಣೆಯು ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ.

ಮಾನವನಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕೈನೇಸುಗಳಿವೆ. ಅವುಗಳಲ್ಲಿ ಸುಮಾರು ತೊಂಬತ್ತು ಬಗೆಗಳು ಟೈರೊಸಿನ್ ಎಂಬ ಅಮೈನೊ ಆಮ್ಲದ ಮೇಲೆಯೇ ಮುದ್ರೆಯನ್ನೊತ್ತುತ್ತವೆ. ಟೈರೊಸಿನ್ನಿನ ಮೇಲೂ ಹೀಗೆ ಫಾಸ್ಫೇಟ್ ಅಂಟುತ್ತದೆಂಬುದನ್ನು ೧೯೭೯ರಲ್ಲಿ ಅಮೆರಿಕದಲ್ಲಿ ಟೋನಿ ಹಂಟರ್ ಮತ್ತು ಸಂಗಡಿಗರು ತೋರಿಸಿದರು. ಬೆಳೆ, ಒಡೆ, ಬದುಕು ಎಂಬ ಅಪ್ಪಣೆಗಳಲ್ಲಿ ಅನೇಕವು ಈ ಟೈರೊಸಿನ್ ಕೈನೇಸುಗಳ ಮೂಲಕವೇ ಸಾಗುತ್ತವೆ. ಹೀಗಿರಲಾಗಿ, ಒಂದು ಟೈರೊಸಿನ್ ಕೈನೇಸು ಹೇಳುವವರಿಲ್ಲದೆಯೇ ಮುದ್ರೆಯನ್ನೊತ್ತತೊಡಗಿದರೆ ಏನಾದೀತು? ಇದಕ್ಕೆ ಉತ್ತರವು ಒಂದು ರೋಗದ ಚರಿತ್ರೆಯಲ್ಲಿ ಸಿಕ್ಕಿತು.

ಬಿಳಿಯ ನೆತ್ತರು

೧೮೪೫ರಲ್ಲಿ ಎಡಿನ್‌ಬರೊ ನಗರದಲ್ಲಿ ಜಾನ್ ಹ್ಯೂಸ್ ಬೆನೆಟ್, ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಖೊ ಎಂಬ ವೈದ್ಯರಿಬ್ಬರು, ಒಬ್ಬರಿಗೊಬ್ಬರ ಸಂಪರ್ಕವಿಲ್ಲದೆಯೇ, ಒಂದು ವಿಚಿತ್ರ ಸಂಗತಿಯನ್ನು ವರದಿ ಮಾಡಿದರು. ಗುಲ್ಮವು ವಿಪರೀತವಾಗಿ ಊದಿಕೊಂಡು ಮೃತಪಟ್ಟ ರೋಗಿಗಳ ನೆತ್ತರಿನಲ್ಲಿ ಬಣ್ಣವಿಲ್ಲದ ಕಣಗಳು ಲೆಕ್ಕಕ್ಕೆ ಮೀರಿ ತುಂಬಿಕೊಂಡಿದ್ದವು. ವಿರ್ಖೊ ೧೮೪೭ರಲ್ಲಿ ಇದಕ್ಕೆ ಲ್ಯೂಕೀಮಿಯ, ಎಂದರೆ ‘ಬಿಳಿಯ ನೆತ್ತರು’, ಎಂದು ಹೆಸರಿಟ್ಟರು.

ಲ್ಯೂಕೀಮಿಯದಲ್ಲಿ ಹಲವು ಪ್ರಭೇದಗಳಿವೆ. ನಾವಿಲ್ಲಿ ಮುಖ್ಯವಾಗಿ ನೋಡುವುದು ದೀರ್ಘಕಾಲಿಕ ಮಜ್ಜಾಮೂಲ ಲ್ಯೂಕೀಮಿಯವನ್ನು. ಇದು ಸದ್ದಿಲ್ಲದೆ ಬರುವ ರೋಗ. ಮೊದಮೊದಲು ರೋಗಿಗೆ ಆಯಾಸ, ಬೆವರು, ಮೈತೂಕ ಇಳಿಯುವುದು, ಎಡಪಕ್ಕೆಯ ಕೆಳಗೆ ಭಾರವೆನಿಸುವುದು, ಇಷ್ಟೇ ತೋರಬಹುದು. ಆ ಭಾರವು ಊದಿದ ಗುಲ್ಮದ್ದು. ಅನೇಕರಿಗೆ ಇಷ್ಟೂ ತೋರುವುದಿಲ್ಲ. ಬೇರಾವುದೋ ಕಾರಣಕ್ಕೆ ನೆತ್ತರನ್ನು ಪರೀಕ್ಷಿಸಿದಾಗ, ಹತ್ತು ಸಾವಿರದೊಳಗಿರಬೇಕಾದ ಬಿಳಿಯ ಕಣಗಳು ಲಕ್ಷವನ್ನು ಮೀರಿರುವುದು ಬೆಳಕಿಗೆ ಬರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಈ ಶಾಂತವಾದ ಹಂತವು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳು ನಡೆಯುತ್ತದೆ. ಆಮೇಲೆ ರೋಗವು ಇದ್ದಕ್ಕಿದ್ದಂತೆ ಕೆರಳುತ್ತದೆ. ಬಲಿಯದ ಎಳೆಯ ಕೋಶಗಳು ಮಜ್ಜೆಯನ್ನೆಲ್ಲ ತುಂಬಿ, ಕೆಲವೇ ತಿಂಗಳುಗಳಲ್ಲಿ ಮರಣವನ್ನು ತರುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯರು ಇದಕ್ಕೆ ಪಾಷಾಣದ ದ್ರಾವಣವನ್ನು ಕೊಟ್ಟರು. ಅನಂತರ ಗುಲ್ಮದ ಮೇಲೆ ಎಕ್ಸ್-ಕಿರಣಗಳನ್ನು ಹಾಯಿಸಿದರು. ೧೯೫೦ರ ದಶಕದಲ್ಲಿ ಬುಸಲ್ಫಾನ್ ಎಂಬ ಔಷಧ ಬಂದಿತು. ಇವುಗಳಿಂದ ಕಣಗಳ ಸಂಖ್ಯೆ ಇಳಿಯುತ್ತಿತ್ತು, ರೋಗಿಗೆ ನೆಮ್ಮದಿಯೂ ಆಗುತ್ತಿತ್ತು. ಆದರೆ ಕೆರಳುವ ಗಳಿಗೆಯು ಬಂದೇ ಬರುತ್ತಿತ್ತು. ಗದ್ದೆಯಲ್ಲಿ ನಿಂತ ನೀರನ್ನು ಮೊಗೆಮೊಗೆದು ಹೊರಚೆಲ್ಲುತ್ತಿದ್ದರೇ ಹೊರತು, ತೂಬೆಲ್ಲಿದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ.

ಫಿಲಡೆಲ್ಫಿಯದ ಕಿರುತಂತು

ಮನುಷ್ಯನ ಜೀವಕೋಶದಲ್ಲಿರುವ ವರ್ಣತಂತುಗಳು ೪೬ ಎಂಬುದು ಖಚಿತವಾದುದು ೧೯೫೬ರಲ್ಲಿ. ಅದೇ ಸುಮಾರಿಗೆ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೀಟರ್ ನೊವೆಲ್ ಎಂಬ ತರುಣ ವಿಜ್ಞಾನಿಯು ಲ್ಯೂಕೀಮಿಯದ ಕೋಶಗಳನ್ನು ಬೆಳೆಸಿ ನೋಡುತ್ತಿದ್ದರು. ಬಣ್ಣ ಹಾಕುವ ಮುನ್ನ ಕೋಶಗಳನ್ನು ಅವರು ಕೊಳಾಯಿಯ ನೀರಿನಲ್ಲಿ ತೊಳೆದರು. ಸಪ್ಪೆ ನೀರನ್ನು ಹೀರಿ ಕೋಶಗಳು ಉಬ್ಬಿದವು. ಒತ್ತಾಗಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ತೋರಿದವು. ನೊವೆಲ್ಲರು ಅದೇ ನಗರದ ಡೇವಿಡ್ ಹಂಗರ್‌ಫರ್ಡರ ಜೊತೆಗೂಡಿ ಪರಿಶೀಲಿಸಿದಾಗ, ದೀರ್ಘಕಾಲಿಕ ಮಜ್ಜಾಮೂಲ ಲ್ಯೂಕೀಮಿಯದ ರೋಗಿಗಳಲ್ಲಿ ಒಂದು ವರ್ಣತಂತು ಅಸಹಜವಾಗಿ ಚಿಕ್ಕದಾಗಿರುವುದು ಕಂಡುಬಂದಿತು. ೧೯೬೦ರಲ್ಲಿ ಇದನ್ನು ಪ್ರಕಟಿಸಿದರು. ಊರಿನ ಹೆಸರಿನಿಂದಲೇ ಅದಕ್ಕೆ ಫಿಲಡೆಲ್ಫಿಯ ವರ್ಣತಂತು ಎಂಬ ಹೆಸರಾಯಿತು. ಒಂದು ಬಗೆಯ ಅರ್ಬುದದೊಡನೆ ತಪ್ಪದೆ ಕಾಣುವ ವರ್ಣತಂತುವಿನ ದೋಷವು ಗೊತ್ತಾದುದು ಅದೇ ಮೊದಲು.

ಚಿಕ್ಕದಾದ ತಂತುವಿನಿಂದ ಕಳೆದುಹೋದ ತುಂಡು ಎಲ್ಲಿ ಹೋಯಿತು? ಹದಿಮೂರು ವರ್ಷಗಳ ತರುವಾಯ ಇದಕ್ಕೆ ಉತ್ತರ ಕೊಟ್ಟವರು ಷಿಕಾಗೊ ನಗರದ ಜ್ಯಾನೆಟ್ ರೌಲಿ. ವರ್ಣತಂತುಗಳಲ್ಲಿ ಅಡ್ಡಪಟ್ಟಿಗಳನ್ನು ಮೂಡಿಸುವ ಹೊಸ ವಿಧಾನವು ಆಗತಾನೆ ಬಂದಿತ್ತು. ರೌಲಿಯವರು ತಂತುಗಳ ಭಾವಚಿತ್ರಗಳನ್ನು ಮನೆಗೊಯ್ದು, ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸಿ ಹೋಲಿಸುತ್ತಿದ್ದರು. ಆ ತುಂಡು ಕಳೆದುಹೋಗಿರಲಿಲ್ಲ. ೨೨ನೆಯ ತಂತುವಿನಿಂದ ಮುರಿದು ೯ನೆಯ ತಂತುವಿನ ತುದಿಗೆ ಅಂಟಿಕೊಂಡಿದ್ದಿತು. ೯ನೆಯದರ ಒಂದು ಸಣ್ಣ ಚೂರು ೨೨ನೆಯದಕ್ಕೆ ಬಂದಿದ್ದಿತು. ಎರಡು ತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಈ ಫಲಿತಾಂಶವು ೧೯೭೩ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಅದಲುಬದಲು ಹುಟ್ಟಿನಿಂದ ಬಂದುದಲ್ಲ. ಜೀವಮಾನದಲ್ಲಿ ಎಂದೋ ಒಮ್ಮೆ, ಮಜ್ಜೆಯ ಒಂದೇ ಒಂದು ಮೂಲಕೋಶದಲ್ಲಿ ಆಗುವ ಆಕಸ್ಮಿಕವದು. ಆ ಒಂದರ ಸಂತತಿಯೇ ಕೋಟಿಕೋಟಿಯಾಗಿ ರೋಗವಾಗುತ್ತದೆ. ಆದಕಾರಣ ಈ ರೋಗವು ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವುದಿಲ್ಲ. ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ. ತೀವ್ರವಾದ ವಿಕಿರಣಕ್ಕೆ ಒಳಗಾದವರಲ್ಲಿ ಇದು ಹೆಚ್ಚೆಂಬುದು ಹಿರೋಷಿಮದಲ್ಲಿ ಬದುಕುಳಿದವರಿಂದ ತಿಳಿದುಬಂದಿದೆ. ಉಳಿದ ಬಹುತೇಕ ರೋಗಿಗಳಲ್ಲಿ ಹೊರಗಿನ ಕಾರಣವಾವುದೂ ತೋರುವುದಿಲ್ಲ.

ಮುಚ್ಚದ ತೂಬು

ಮುರಿದು ಕೂಡಿದ ಜಾಗದಲ್ಲಿ ಏನಿದೆಯೆಂಬುದು ೧೯೮೦ರ ದಶಕದಲ್ಲಿ ಗೊತ್ತಾಯಿತು. ೯ನೆಯ ತಂತುವಿನಿಂದ ಬಂದ ಚೂರಿನಲ್ಲಿ ಏಬಲ್ ಎಂಬ ಜೀನು ಇದೆ. ಅದು ಒಂದು ಟೈರೊಸಿನ್ ಕೈನೇಸನ್ನು ತಯಾರಿಸುವ ಜೀನು. ೨೨ನೆಯ ತಂತುವಿನಲ್ಲಿ ಅದು ಬಿ.ಸಿ.ಆರ್. ಎಂಬ ಬೇರೊಂದು ಜೀನಿನ ಬೆನ್ನಿಗೆ ಬಂದು ಬೆಸೆದುಕೊಳ್ಳುತ್ತದೆ. ಎರಡು ಜೀನುಗಳು ಸೇರಿ ಒಂದಾಗಿ, ಪ್ರಕೃತಿಯಲ್ಲಿ ಇಲ್ಲದ ಒಂದು ಬೆರಕೆಯ ಪ್ರೋಟೀನನ್ನು ತಯಾರಿಸತೊಡಗುತ್ತವೆ.

ಸಹಜವಾದ ಏಬಲ್ ಕೈನೇಸು ಬಹಳ ಸಂಯಮದ್ದು. ಅದರ ಮುಂತುದಿಯ ಭಾಗವು ಮಡಿಸಿಕೊಂಡು, ಇಡೀ ಕಿಣ್ವವನ್ನು ಮುಚ್ಚಿದ ಸ್ಥಿತಿಯಲ್ಲಿ ಹಿಡಿದಿಡುತ್ತದೆ. ಅಪ್ಪಣೆ ಬಂದಾಗಲಷ್ಟೇ ಅದು ಬಿಚ್ಚಿಕೊಳ್ಳುತ್ತದೆ. ಬೆರಕೆಯ ಪ್ರೋಟೀನಿನಲ್ಲಿ ಆ ಮುಂತುದಿಯೇ ಹೋಗಿ, ಆ ಜಾಗದಲ್ಲಿ ಬಿ.ಸಿ.ಆರ್. ಭಾಗವು ಕುಳಿತಿದೆ. ಬಿ.ಸಿ.ಆರ್. ಭಾಗಗಳಿಗೆ ಒಂದನ್ನೊಂದು ಅಪ್ಪಿಕೊಳ್ಳುವ ಗುಣವುಂಟು. ಅವು ಕೂಡಿಕೊಂಡಾಗ ಏಬಲ್ ಭಾಗಗಳು ಎದುರುಬದುರಾಗಿ, ಒಂದರ ಮೇಲೊಂದು ಮುದ್ರೆಯನ್ನೊತ್ತಿ ಎಚ್ಚರಗೊಳಿಸುತ್ತವೆ. ತೂಬಿನ ಮುಚ್ಚಳವೂ ಹೋಯಿತು. ಎತ್ತಿ ಹಿಡಿಯುವ ಕೈಯೂ ಸದಾ ಅಲ್ಲಿಯೇ ನಿಂತಿತು. ಅಲ್ಲಿಂದ ಹಲವು ಕಾಲುವೆಗಳಲ್ಲಿ ಅಪ್ಪಣೆ ಹರಿಯುತ್ತದೆ. ಒಂದು ಕಾಲುವೆಯು ಕೋಶವನ್ನು ಒಡೆಯೆನ್ನುತ್ತದೆ, ಒಂದು ಸಾಯಬೇಡವೆನ್ನುತ್ತದೆ, ಮತ್ತೊಂದರಿಂದಾಗಿ ಎಳೆಯ ಕೋಶಗಳು ಮಜ್ಜೆಯ ಹಿಡಿತವನ್ನು ಬಿಟ್ಟು ನೆತ್ತರಿಗಿಳಿಯುತ್ತವೆ. ಹೊರಗಿನಿಂದ ಯಾವ ಸುದ್ದಿಯೂ ಬಂದಿಲ್ಲ. ಆದರೆ ಕೋಶವು ಯಾರೂ ಕೊಡದ ಅಪ್ಪಣೆಯನ್ನು ಶಿರಸಾವಹಿಸಿ ನಡೆಸುತ್ತಿದೆ!

ರೋಗಕ್ಕೆ ಈ ಒಂದು ಪ್ರೋಟೀನೇ ಸಾಕೆ, ಅಥವಾ ಇದು ರೋಗದ ಗುರುತು ಮಾತ್ರವೆ ಎಂಬ ಸಂದೇಹವಿತ್ತು. ೧೯೯೦ರಲ್ಲಿ ಜಾರ್ಜ್ ಡೇಲಿ, ರಿಚರ್ಡ್ ವ್ಯಾನ್ ಎಟನ್, ಡೇವಿಡ್ ಬಾಲ್ಟಿಮೋರ್ ಇವರು ಬೆರಕೆಯ ಜೀನನ್ನು ಇಲಿಗಳ ಮಜ್ಜೆಗೆ ಸೇರಿಸಿ ನೋಡಿದರು. ಇಲಿಗಳಲ್ಲಿ ಇದೇ ಬಗೆಯ ಲ್ಯೂಕೀಮಿಯವು ಕಾಣಿಸಿಕೊಂಡಿತು. ಸಂದೇಹ ಪರಿಹಾರವಾಯಿತು.

ತೂಬಿಗೆ ಬಿರಡೆ

ತೂಬು ಗೊತ್ತಾದ ಮೇಲೆ ಅದನ್ನು ಮುಚ್ಚುವ ಬಗೆ ಯಾವುದು? ಕೈನೇಸಿನ ಮೈಯಲ್ಲಿ ಎ.ಟಿ.ಪಿ. ಬಂದು ಕುಳಿತುಕೊಳ್ಳುವ ಒಂದು ಗುಳಿಯುಂಟು. ಅಲ್ಲಿ ಬೇರೊಂದು ವಸ್ತುವನ್ನು ಬಿಗಿಯಾಗಿ ಕೂರಿಸಿಬಿಟ್ಟರೆ ಎ.ಟಿ.ಪಿ.ಗೆ ಎಡೆಯಿಲ್ಲ, ಎ.ಟಿ.ಪಿ. ಇಲ್ಲದೆ ಮುದ್ರೆಯಿಲ್ಲ. ಆದರೆ ಐನೂರು ಕೈನೇಸುಗಳಲ್ಲಿಯೂ ಇಂಥ ಗುಳಿಯಿದೆ. ಎಲ್ಲವನ್ನೂ ಮುಚ್ಚಿದರೆ ರೋಗಿಯೇ ಉಳಿಯಲಾರನೆಂದು ಅನೇಕರು ಈ ಯತ್ನವನ್ನು ನಂಬಲಿಲ್ಲ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸೀಬಾ-ಗೈಗಿ ಕಂಪನಿಯಲ್ಲಿ ನಿಕೊಲಸ್ ಲೈಡನ್, ಯೂರ್ಗ್ ಜಿಮ್ಮರ್‌ಮನ್ ಮೊದಲಾದವರು ಇಂಥ ವಸ್ತುಗಳನ್ನು ತಯಾರಿಸುತ್ತಿದ್ದರು. ಅಮೆರಿಕದ ಆರೆಗಾನ್ ಪ್ರಾಂತದ ವೈದ್ಯ ಬ್ರಯಾನ್ ಡ್ರೂಕರ್ ಅವುಗಳಲ್ಲಿ ಕೆಲವನ್ನು ತರಿಸಿಕೊಂಡು ಪರೀಕ್ಷಿಸಿದರು. ಅವುಗಳಲ್ಲೊಂದು, ರೋಗಿಗಳಿಂದ ತೆಗೆದ ಲ್ಯೂಕೀಮಿಯ ಕೋಶಗಳ ಬೆಳವಣಿಗೆಯನ್ನು ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಕುಗ್ಗಿಸಿತು. ಸಹಜ ಕೋಶಗಳನ್ನು ಹಾಗೆಯೇ ಬಿಟ್ಟಿತು. ೧೯೯೬ರಲ್ಲಿ ಇದು ಪ್ರಕಟವಾಯಿತು. ಆ ವಸ್ತುವೇ ಇಮ್ಯಾಟಿನಿಬ್. ಅದರ ಆಯ್ಕೆಯ ಗುಟ್ಟು ಮುಂದೆ ೨೦೦೦ದಲ್ಲಿ ಜಾನ್ ಕುರಿಯನ್ನರ ತಂಡವು ಕಿಣ್ವದ ರಚನೆಯನ್ನು ಬಿಡಿಸಿದಾಗ ತಿಳಿಯಿತು. ಎಚ್ಚೆತ್ತ ಸ್ಥಿತಿಯಲ್ಲಿ ಕೈನೇಸುಗಳೆಲ್ಲ ಹೆಚ್ಚುಕಡಮೆ ಒಂದೇ ಆಕಾರದವು. ಮಲಗಿದಾಗ ಒಂದೊಂದರ ಭಂಗಿ ಒಂದೊಂದು ತೆರ. ಇಮ್ಯಾಟಿನಿಬ್ ಹಿಡಿಯುವುದು ಏಬಲ್ ಮಲಗುವ ಭಂಗಿಯನ್ನು. ಆ ಗಳಿಗೆಯಲ್ಲಿ ಒಳಹೊಕ್ಕು, ಮತ್ತೆ ಏಳದಂತೆ ಮಾಡುತ್ತದೆ.

೧೯೯೮ರ ಜೂನ್ ತಿಂಗಳಿನಿಂದ ರೋಗಿಗಳಿಗೆ ಕೊಟ್ಟು ನೋಡಲಾಯಿತು. ಇಂಟರ್‌ಫೆರಾನ್ ಎಂಬ ಹಿಂದಿನ ಔಷಧದಿಂದ ಗುಣ ಕಾಣದಿದ್ದವರಲ್ಲಿ, ದಿನಕ್ಕೆ ೩೦೦ ಮಿಲಿಗ್ರಾಮು ಅಥವಾ ಹೆಚ್ಚು ತೆಗೆದುಕೊಂಡ ೫೪ ಮಂದಿಯ ಪೈಕಿ ೫೩ ಮಂದಿಯ ನೆತ್ತರಿನ ಎಣಿಕೆ ಸಹಜಸ್ಥಿತಿಗೆ ಬಂದಿತು. ೨೦೦೧ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು. ಹೊಸದಾಗಿ ರೋಗ ಗೊತ್ತಾದವರಿಗೆ ಇದನ್ನು ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯೊಂದರಲ್ಲಿ, ಹತ್ತು ವರ್ಷಗಳ ತರುವಾಯವೂ ಬದುಕಿದ್ದವರ ಪ್ರಮಾಣ ನೂರಕ್ಕೆ ಸುಮಾರು ೮೩. ಮೂರರಿಂದ ಐದು ವರ್ಷಗಳ ಹಿಂದಿನ ಲೆಕ್ಕವನ್ನು ನೆನೆದರೆ ಈ ಅಂಕಿಯ ಅರ್ಥ ತಿಳಿಯುತ್ತದೆ.

ಇನ್ನೆರಡು ತೂಬುಗಳು

ಎಲ್ಲ ರೋಗಗಳಲ್ಲಿಯೂ ತೂಬು ಒಂದೇ ಕಡೆ ಸಿಕ್ಕಿಕೊಂಡಿರುವುದಿಲ್ಲ. ಪಾಲಿಸೈತೀಮಿಯ ವೆರ ಎಂಬ ರೋಗದಲ್ಲಿ ಕೆಂಪು ಕಣಗಳು ಮಿತಿಮೀರಿ ಹೆಚ್ಚುತ್ತವೆ. ಮುಖ ಕೆಂಪೇರುತ್ತದೆ, ಸ್ನಾನವಾದೊಡನೆ ಮೈ ತುರಿಸುತ್ತದೆ. ಮಂದವಾದ ನೆತ್ತರು ನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವೂ ಉಂಟು. ೧೯೭೪ರಲ್ಲಿ ಪ್ರಚಲ್ ಮತ್ತು ಆಕ್ಸೆಲ್‌ರಾಡ್ ಎಂಬ ಸಂಶೋಧಕರು, ಈ ರೋಗಿಗಳ ಮಜ್ಜೆಯ ಕೋಶಗಳು ಎರಿತ್ರೊಪಾಯಿಟಿನ್ ಸೇರಿಸದಿದ್ದರೂ ಗಾಜಿನ ಬಟ್ಟಲಿನಲ್ಲಿ ಕೆಂಪು ಕೋಶಗಳಾಗಿ ಬೆಳೆಯುವುದನ್ನು ತೋರಿಸಿದರು. ಕಾರಣ ತಿಳಿದುದು ೨೦೦೫ರಲ್ಲಿ. ಎರಿತ್ರೊಪಾಯಿಟಿನ್ನಿನ ಗ್ರಾಹಕಕ್ಕೆ ಒಳಗಡೆ ಜ್ಯಾಕ್-೨ ಎಂಬ ಟೈರೊಸಿನ್ ಕೈನೇಸು ಅಂಟಿಕೊಂಡಿರುತ್ತದೆ. ಅದರಲ್ಲಿ ಮುದ್ರೆಯನ್ನೊತ್ತುವ ಭಾಗವೂ, ಅದನ್ನು ತಡೆದು ಹಿಡಿಯುವ ಭಾಗವೂ ಪಕ್ಕಪಕ್ಕದಲ್ಲಿವೆ. ತಡೆಯುವ ಭಾಗದಲ್ಲಿ ೬೧೭ನೆಯ ಸ್ಥಾನದ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಹಿಡಿತ ಸಡಿಲುತ್ತದೆ. ಈ ರೋಗಿಗಳಲ್ಲಿ ನೂರಕ್ಕೆ ಸುಮಾರು ೯೫ ಮಂದಿಯಲ್ಲಿ ಈ ಬದಲಾವಣೆಯಿದೆ. ಇಲ್ಲಿ ಬಿರಡೆಯು ಅಷ್ಟು ಸುಲಭವಲ್ಲ. ಈಗಿರುವ ಔಷಧಗಳು ಕೆಟ್ಟ ಜ್ಯಾಕ್-೨ನ್ನೂ ಸಹಜವಾದುದನ್ನೂ ಬೇರ್ಪಡಿಸಲಾರವು. ಹೆಚ್ಚು ಕೊಟ್ಟರೆ ರಕ್ತಹೀನತೆಯಾಗುತ್ತದೆ. ಆದಕಾರಣ ಆಗಾಗ್ಗೆ ಒಂದಷ್ಟು ನೆತ್ತರನ್ನು ತೆಗೆಯುವ ಹಳೆಯ ಚಿಕಿತ್ಸೆಯು ಇಂದಿಗೂ ಬಳಕೆಯಲ್ಲಿದೆ.

ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ದೀರ್ಘಕಾಲಿಕ ಲಿಂಫಾಮೂಲ ಲ್ಯೂಕೀಮಿಯದ ರೀತಿ ಬೇರೆ. ರೋಗನಿರೋಧಕಗಳನ್ನು ತಯಾರಿಸಬೇಕಾದ ಬಿ ಕೋಶಗಳು ಇಲ್ಲಿ ಹೆಚ್ಚುತ್ತವೆ. ಅವುಗಳ ಕೈನೇಸು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಹೊರಮೈಯ ಗ್ರಾಹಕದಿಂದಲೇ ಬಿಡುವಿಲ್ಲದೆ ಅಪ್ಪಣೆ ಒಳಗಿಳಿಯುತ್ತಿರುತ್ತದೆ. ಆ ಅಪ್ಪಣೆಯನ್ನು ದಾಟಿಸುವ ಒಂದು ಕೈನೇಸಿಗೆ ಬ್ರೂಟನ್ನರ ಹೆಸರಿದೆ. ೧೯೫೨ರಲ್ಲಿ ಆಗ್ಡೆನ್ ಬ್ರೂಟನ್ ಎಂಬ ವೈದ್ಯರು, ಮತ್ತೆ ಮತ್ತೆ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನ ನೆತ್ತರಿನಲ್ಲಿ ರೋಗನಿರೋಧಕಗಳೇ ಇಲ್ಲವೆಂದು ಕಂಡರು. ಇಂಥ ಮಕ್ಕಳಲ್ಲಿ ಈ ಕೈನೇಸಿನ ಜೀನು ಕೆಟ್ಟಿರುತ್ತದೆಂಬುದು ೧೯೯೩ರಲ್ಲಿ ಗೊತ್ತಾಯಿತು. ಅದಿಲ್ಲದೆ ಬಿ ಕೋಶಗಳು ಬಲಿಯವು ಎಂದಮೇಲೆ, ಅದನ್ನು ತಡೆದರೆ ಅತಿಯಾಗಿ ಬೆಳೆದ ಬಿ ಕೋಶಗಳು ಕುಗ್ಗಬೇಕಷ್ಟೆ. ಈ ತರ್ಕದಿಂದಲೇ ಬಂದ ಇಬ್ರುಟಿನಿಬ್ ಎಂಬ ಔಷಧವು ೨೦೧೪ರಿಂದ ಈ ಲ್ಯೂಕೀಮಿಯಕ್ಕೆ ಬಳಕೆಯಾಗುತ್ತಿದೆ. ಮಗುವಿನ ಕೊರತೆಯೊಂದು ಮುದುಕರ ರೋಗಕ್ಕೆ ಮದ್ದಿನ ದಾರಿಯನ್ನು ತೋರಿಸಿತು.

ಮಾತ್ರೆಯನ್ನು ಮರೆತರೆ

ಈಗ ಮೊದಲಿನ ರೋಗಕ್ಕೆ ಹಿಂದಿರುಗೋಣ. ಇಮ್ಯಾಟಿನಿಬ್ ಕೆಟ್ಟ ತೂಬನ್ನು ರಿಪೇರಿ ಮಾಡುವುದಿಲ್ಲ. ಅದಕ್ಕೆ ಬಿರಡೆಯನ್ನು ಜಡಿದು ಹಿಡಿಯುತ್ತದೆ, ಅಷ್ಟೆ. ಮಾತ್ರೆಯ ಸಾರವು ನೆತ್ತರಿನಲ್ಲಿ ಇಳಿದಂತೆ ಬಿರಡೆಯು ಸಡಿಲುತ್ತದೆ. ರೋಗ ಪತ್ತೆಯಾದಾಗ ಮೈಯಲ್ಲಿ ಲ್ಯೂಕೀಮಿಯದ ಕೋಶಗಳು ಒಂದು ಲಕ್ಷ ಕೋಟಿಯಷ್ಟಿರಬಹುದು. ಚಿಕಿತ್ಸೆಯಿಂದ ಅವು ಸಾವಿರದಲ್ಲೊಂದು ಪಾಲಿಗೆ ಇಳಿದರೂ ನೂರು ಕೋಟಿ ಉಳಿದಿರುತ್ತವೆ! ಸೂಕ್ಷ್ಮದರ್ಶಕದಲ್ಲಿ ನೆತ್ತರು ಆಗ ಅಚ್ಚುಕಟ್ಟಾಗಿ ಕಾಣುತ್ತದೆ, ರೋಗಿಯು ಗಟ್ಟಿಮುಟ್ಟಾಗಿರುತ್ತಾನೆ. ಅದೂ ಅಲ್ಲದೆ, ಮಲಗಿರುವ ಕೆಲವು ರೋಗಗ್ರಸ್ತ ಮೂಲಕೋಶಗಳು ಬದುಕುವುದಕ್ಕೆ ಈ ಕೈನೇಸನ್ನು ನೆಚ್ಚಿಕೊಂಡಿಲ್ಲವಾದುದರಿಂದ ಮಾತ್ರೆಯಿಂದ ಸಾಯುವುದೂ ಇಲ್ಲ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನೆಯತಕ್ಕದ್ದು. ವರ್ಷಗಳಿಂದ ಮಾತ್ರೆ ನುಂಗುತ್ತಿದ್ದ ೮೭ ರೋಗಿಗಳ ಔಷಧದ ಸೀಸೆಯ ಮುಚ್ಚಳದಲ್ಲಿ, ತೆರೆದಾಗಲೆಲ್ಲ ಗುರುತು ಹಾಕಿಕೊಳ್ಳುವ ಒಂದು ಪುಟ್ಟ ಯಂತ್ರವನ್ನಿರಿಸಲಾಗಿತ್ತು. ಮೂರು ತಿಂಗಳು ಲೆಕ್ಕ ನೋಡಿದರು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡವರಲ್ಲಿ, ರೋಗವು ಆರು ವರ್ಷಗಳೊಳಗೆ ಸಾವಿರದಲ್ಲೊಂದು ಪಾಲಿನ ಮಟ್ಟಕ್ಕೆ ಇಳಿಯುವ ಸಂಭವ ನೂರಕ್ಕೆ ಸುಮಾರು ೯೪. ಅದಕ್ಕಿಂತ ಕಡಮೆ ತೆಗೆದುಕೊಂಡವರಲ್ಲಿ ೨೮. ತಿಂಗಳಿಗೆ ಮೂರು ದಿನ ತಪ್ಪುವುದೆಂದರೆ ತೊಂಬತ್ತರ ಗೆರೆಗೆ ಬಂದು ನಿಂತಂತೆಯೇ. ಮರೆವು ಇಷ್ಟು ದುಬಾರಿಯಾದುದು!

ತೂಬು ಕೆಲವೊಮ್ಮೆ ತನ್ನ ಆಕಾರವನ್ನು ಬದಲಿಸಿ ಬಿರಡೆಯನ್ನು ಹೊರದೂಡುವುದೂ ಉಂಟು. ಕೈನೇಸಿನ ೩೧೫ನೆಯ ಸ್ಥಾನದ ಅಮೈನೊ ಆಮ್ಲವು ಬದಲಾದರೆ ಇಮ್ಯಾಟಿನಿಬ್ ಒಳಹೋಗಲಾರದು. ಇದು ೨೦೦೧ರಲ್ಲಿಯೇ ತಿಳಿದುಬಂದಿತು. ಇಂಥ ಬದಲಾವಣೆಗಳನ್ನು ಎದುರಿಸಲು ೨೦೦೬ರಲ್ಲಿ ಡಸಾಟಿನಿಬ್, ೨೦೦೭ರಲ್ಲಿ ನಿಲೋಟಿನಿಬ್ ಬಂದವು. ೩೧೫ರ ಬದಲಾವಣೆಗೂ ನಿಲ್ಲುವ ಪೊನಾಟಿನಿಬ್ ೨೦೧೨ರಲ್ಲಿ ಬಂದಿತು. ೨೦೨೧ರ ಆಸಿಮಿನಿಬ್ ಎಂಬುದು ಎ.ಟಿ.ಪಿ.ಯ ಗುಳಿಯನ್ನು ಬಿಟ್ಟು, ಹಿಂದೆ ಆ ಕಳೆದುಹೋದ ಮುಂತುದಿಯು ಬಂದು ಒತ್ತುತ್ತಿದ್ದ ಜಾಗದಲ್ಲಿಯೇ ಕುಳಿತು ತೂಬನ್ನು ಮುಚ್ಚುತ್ತದೆ. ಪ್ರಕೃತಿಯು ಇಟ್ಟಿದ್ದ ಮುಚ್ಚಳಕ್ಕೆ ಇದು ಬದಲಿಯೆನ್ನಬಹುದು.

ನಮ್ಮ ದೇಶಕ್ಕೆ ಈ ಮಾತು ಇನ್ನಷ್ಟು ಹತ್ತಿರವಾದುದು. ಪಾಶ್ಚಾತ್ಯ ದೇಶಗಳಲ್ಲಿ ಈ ರೋಗ ಹೆಚ್ಚಾಗಿ ಕಾಣುವುದು ಅರುವತ್ತರ ಆಸುಪಾಸಿನಲ್ಲಿ. ಭಾರತದ ಆಸ್ಪತ್ರೆಗಳ ದಾಖಲೆಗಳಲ್ಲಿ ಮೂವತ್ತರಿಂದ ನಲವತ್ತರ ಸುಮಾರಿನಲ್ಲಿ, ಎಂದರೆ ದುಡಿದು ಸಂಸಾರ ಸಾಕುವ ವಯಸ್ಸಿನಲ್ಲಿ. ಮಾತ್ರೆಯು ಜೀವಮಾನದ ಖರ್ಚಾದುದರಿಂದ ಅದರ ಬೆಲೆಯೂ ಪ್ರಾಣದ ಪ್ರಶ್ನೆಯೇ ಆಯಿತು. ಇಮ್ಯಾಟಿನಿಬ್ಬಿನ ಒಂದು ಸ್ಫಟಿಕರೂಪಕ್ಕೆ ನೊವಾರ್ಟಿಸ್ ಕಂಪನಿಯು ಕೇಳಿದ್ದ ಪೇಟೆಂಟನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಏಪ್ರಿಲ್ ೧ರಂದು ನಿರಾಕರಿಸಿತು. ಹೀಗಾಗಿ ಇಲ್ಲಿನ ಕಂಪನಿಗಳು ಅದನ್ನು ಕಡಮೆ ಬೆಲೆಗೆ ತಯಾರಿಸುವುದಕ್ಕೆ ತಡೆಯಿಲ್ಲವಾಯಿತು. ಮೂಲ ಔಷಧಕ್ಕೆ ತಿಂಗಳಿಗೆ ಲಕ್ಷ ರೂಪಾಯಿಗೂ ಮಿಕ್ಕ ಬೆಲೆಯಿದ್ದ ಆ ದಿನಗಳಲ್ಲಿ ಇಲ್ಲಿ ತಯಾರಾದುದು ಅದರ ಹತ್ತರಲ್ಲೊಂದು ಪಾಲಿಗಿಂತಲೂ ಅಗ್ಗವಾಗಿ ದೊರೆಯುತ್ತಿದ್ದಿತು.

ಮಾತ್ರೆಯನ್ನು ಎಂದಿಗಾದರೂ ನಿಲ್ಲಿಸಬಹುದೆ ಎಂದು ವಾಚಕರು ಕೇಳಬಹುದು. ಎರಡು ವರ್ಷಗಳ ಕಾಲ ಅತ್ಯಂತ ಸೂಕ್ಷ್ಮ ಪರೀಕ್ಷೆಗೂ ರೋಗವು ಸಿಕ್ಕದಿದ್ದ ನೂರು ಮಂದಿಯಲ್ಲಿ ಫ್ರಾನ್ಸಿನ ವೈದ್ಯರು ಇದನ್ನು ಪರೀಕ್ಷಿಸಿ ೨೦೧೦ರಲ್ಲಿ ವರದಿ ಮಾಡಿದರು. ಹತ್ತರಲ್ಲಿ ಸುಮಾರು ನಾಲ್ವರಲ್ಲಿ ರೋಗವು ಮರಳಲಿಲ್ಲ. ಉಳಿದವರಲ್ಲಿ ಬಹುಪಾಲಿಗೆ ಆರು ತಿಂಗಳೊಳಗೇ ಮರಳಿತು. ಮಾತ್ರೆಯನ್ನು ಮತ್ತೆ ತೊಡಗಿದಾಗ ಹತೋಟಿಗೆ ಬಂದಿತು. ಇದೆಲ್ಲವೂ ಪದೇ ಪದೇ ನೆತ್ತರನ್ನು ಪರೀಕ್ಷಿಸುತ್ತ, ವೈದ್ಯರ ಕಣ್ಣೆದುರಿನಲ್ಲಿ ನಡೆದುದೆಂಬುದನ್ನು ಮರೆಯಬಾರದು. ಮೈ ಹಗುರವಾಯಿತೆಂದು ತಾನಾಗಿಯೇ ನಿಲ್ಲಿಸುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಗದ್ದೆ ಒಣಗಿ ಹದವಾಗಿ ಕಂಡಿತೆಂದು ನೀರುಗಂಟಿಯು ತೂಬಿನ ಬಿರಡೆಯನ್ನು ಕಿತ್ತೊಗೆಯುವನೆ? ಗದ್ದೆ ಹದವಾಗಿರುವುದು ಬಿರಡೆಯು ಅಲ್ಲಿರುವುದರಿಂದಲೇ ಎಂಬುದನ್ನು ಅವನು ಬಲ್ಲನು. ಈ ರೋಗದೊಡನೆ ಬಾಳುವವರೂ ಅವರ ಮನೆಯವರೂ ತಿಳಿದಿರಬೇಕಾದುದು ಇಷ್ಟೇ.